ಐವರ್ನಾಡಿನ ದಾರಂದ

ಮೂಸಕುಂಞಿಯ ಲಾರಿ ಕೋಡಿಂಬಾಳದ ಸಂಕಪ್ಪನ ಅಂಗಳಕ್ಕೆ ಬಂದು ನಿಂತಾಗ ದಮಯಂತಿ ಹಿತ್ತಿಲಲ್ಲಿ ನೆಲ ಹದ ಮಾಡಲು ಮಣ್ಣು ಹೊರುತ್ತಿದ್ದಳು. ಹೊಸ ಮನೆ ಅವಳದ್ದು. ಮನೆ ಎಂದರೆ ಅಣ್ಣ ಸಂಕಪ್ಪನ ಮನೆಯ ಹಿಂದೆ, ದನದ ಹಟ್ಟಿಗೂ ಕೆರೆಗೂ ನಡುವೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡು ಒಂದು ಅಡುಗೆಯ ಮೂಲೆ. ಬಾಗಿಲಿನ ಜಾಗ ಬಿಟ್ಟು ಕೆಂಪುಕಲ್ಲಿನ ಗೋಡೆ ಎದ್ದಿತ್ತು. ಮನೆಯೊಕ್ಕಲಿಗೆ ಹನ್ನೆರಡು ದಿನವಿತ್ತು. ಅದು ತಪ್ಪಿದರೆ ಮಳೆ, ಮಳೆಯ ಬೆನ್ನಿಗೆ ಆಟಿ. ಆಟಿ ತಿಂಗಳಲ್ಲಿ ಯಾರೂ ಹೊಸ ಮನೆ ಹೊಗುವುದಿಲ್ಲ.

ಅವಳು ಗಂಡನ ಮನೆ ಬಿಟ್ಟು ಬಂದು ಮೂರು ವರ್ಷವಾಗಿತ್ತು. ಅಲ್ಲಿಂದ ಇಲ್ಲಿವರೆಗೆ ಅತ್ತಿಗೆ ಮೋಹಿನಿಯ ಜೊತೆ ಒಂದೇ ಒಲೆ. ಜಗಳವೇನೂ ಆಗಿರಲಿಲ್ಲ. ದಮಯಂತಿ ಉಪ್ಪು ಹಾಕಿ ಇಳಿಸಿದ ಸಾರಿಗೆ ಮೋಹಿನಿ ಇನ್ನೊಮ್ಮೆ ಉಪ್ಪು ಹಾಕುತ್ತಿದ್ದಳು. ಅದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಕೊನೆಗೆ ಸಂಕಪ್ಪನೇ ಒಂದು ದಿನ ಅರ್ಧ ಊಟದಲ್ಲಿ ಎದ್ದು, ಹಿತ್ತಿಲಲ್ಲಿ ಬೇರೆ ಒಲೆ ಹೂಡಿಸುತ್ತೇನೆ ಎಂದ. ಹೊಸ ಮರಕ್ಕೆ ಅವನ ಕೈ ಎಟುಕಲಿಲ್ಲ. ಕಡಬದ ಮೂಸಕುಂಞಿ ಹಳೆಯ ಮನೆಗಳನ್ನು ಕ್ರಯಕ್ಕೆ ಹಿಡಿದು, ಬಿಚ್ಚಿ, ಮರ ಮಾರುವವನು. ಅವನಿಗೆ ಹೇಳಿಕಳಿಸಿದ.

ಮಾಡಿನ ಪಕ್ಕಾಸು, ಹಂಚಿನಡಿಯ ರೀಪು, ಎರಡು ಕಿಟಕಿ ಇಳಿದವು. ಕೊನೆಗೆ ನಾಲ್ಕು ಜನ ಸೇರಿ ಒಂದು ಹಲಸಿನ ದಾರಂದವನ್ನು, ಬಾಗಿಲಿನ ಇಡೀ ಚೌಕಟ್ಟನ್ನು, ಇಳಿಸಿ ಗೋಡೆಗೆ ಒರಗಿಸಿದರು. ಹೊಸ್ತಿಲು, ಎರಡು ನಿಲುವು, ಮೇಲಿನ ಪಡಿ, ಎಲ್ಲ ಬಿಚ್ಚದೆ ಹಾಗೇ ಇತ್ತು. ದಮಯಂತಿ ಮಣ್ಣಿನ ಬುಟ್ಟಿ ಇಳಿಸಿ ಹತ್ತಿರ ಹೋದಳು. ಹೊಸ್ತಿಲಿನ ಬಲಬದಿಯಲ್ಲಿ ಕತ್ತಿಯ ಎರಡು ಕಚ್ಚು ಕಂಡವು.

"ಇದು ಎಲ್ಲಿಯದ್ದು ಮೂಸಣ್ಣ?"

"ಮರಕ್ಕೆ ಎಂತ ಊರಕ್ಕ? ಗಟ್ಟಿ ಉಂಟಲ್ಲ."

"ಐವರ್ನಾಡಿನದ್ದಾ?"

ಮೂಸಕುಂಞಿ ಬೀಡಿ ಹಚ್ಚಿದ. "ಅಲ್ಲಿ ಒಬ್ಬರು ಹಳೆಮನೆ ಕೆಡವಿ ಟೆರೇಸು ಹಾಕಿಸಿದ್ದಾರೆ. ಪದ್ಮಯ್ಯ ಅಂತ. ನಿಮಗೆ ಗುರ್ತ ಉಂಟಾ?"

"ಹನ್ನೊಂದು ವರ್ಷ ಗುರ್ತ ಇತ್ತು" ಎಂದಳು ದಮಯಂತಿ. "ನನ್ನ ಗಂಡ."

ಪದ್ಮಯ್ಯ ಹೊಡೆದವನಲ್ಲ, ಬೈದವನೂ ಅಲ್ಲ. ಮಾತಾಡುವ ಕೆಲಸವನ್ನು ಅವನು ತಾಯಿಗೆ ಬಿಟ್ಟಿದ್ದ. ದಮಯಂತಿ ಹೊಸ್ತಿಲು ದಾಟಿ ಬಂದ ಮೇಲೆ ಮನೆಗೆ ಏಳಿಗೆಯಿಲ್ಲ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಮಕ್ಕಳಾಗಲಿಲ್ಲ, ಹಾಲು ಕರೆಯುವ ಎಮ್ಮೆ ಸತ್ತಿತು, ಅಡಿಕೆಗೆ ಕೊಳೆರೋಗ ಬಂತು. ಪಕ್ಕದ ತೋಟದ ಅಡಿಕೆಗೂ ಬಂದಿತ್ತು, ಅದು ಲೆಕ್ಕಕ್ಕಿಲ್ಲ. ಪದ್ಮಯ್ಯ ಇನ್ನೊಂದು ಹೆಣ್ಣು ನೋಡಲು ಹೋಗಿದ್ದಾನೆಂದು ಅವಳಿಗೆ ಗೊತ್ತಾದದ್ದು ಬಸ್ಸಿನ ಕಂಡಕ್ಟರನಿಂದ. ಅವತ್ತು ಅವಳು ಕೈಯಲ್ಲಿದ್ದ ಕತ್ತಿಯನ್ನು ಹೊಸ್ತಿಲಿಗೆ ಎರಡು ಸಲ ಹಾಕಿದಳು. ಅಂಗಳಕ್ಕಿಳಿದು ದೈವದ ಗುಡಿಗೆ ಮುಖ ಮಾಡಿ, ಈ ಹೊಸ್ತಿಲನ್ನು ಈ ಜನ್ಮದಲ್ಲಿ ದಾಟುವುದಿಲ್ಲ ಎಂದು ಹೇಳಿ ಬಂದಿದ್ದಳು.

ಈಗ ಹೊಸ್ತಿಲೇ ಲಾರಿಯಲ್ಲಿ ಬಂದಿತ್ತು.

"ಈಗ ಅದು ನಮ್ಮದು" ಎಂದ ಸಂಕಪ್ಪ. "ಕ್ರಯ ಕೊಟ್ಟಾಗಿದೆ."

"ನಾನು ಹೇಳಿದ್ದು ಹೊಸ್ತಿಲನ್ನು. ಯಾರ ಹೊಸ್ತಿಲು ಅಂತ ಹೇಳಿಲ್ಲ."

"ದೈವಕ್ಕೆ ಅಷ್ಟು ಗೊತ್ತಾಗುದಿಲ್ವಾ ಮಾರಾಯ್ತಿ?"

"ಗೊತ್ತಾಗದಿದ್ದರೆ? ನೀನು ಹೋಗಿ ಹೇಳಿ ಬರ್ತೀಯಾ ಅಣ್ಣ?"

ಸಂಕಪ್ಪ ಹೋಗುವವನಲ್ಲ. ಮೋಹಿನಿ ಅಡುಗೆಮನೆಯ ಬಾಗಿಲಿಂದ, "ಕಿಟಕಿ ದೊಡ್ಡದುಂಟು, ಹತ್ತಿ ಇಳಿದರಾಯಿತು" ಎಂದಳು. ತಮಾಷೆಯೋ ಸಲಹೆಯೋ ತಿಳಿಯಲಿಲ್ಲ.

ಮಹೇಶ್ವರ ಆಚಾರಿ ಮರುದಿನ ಬಂದ. ಹೊಸ್ತಿಲು ಮಾತ್ರ ಬೇರೆ ಮರದ್ದು ಹಾಕಿ ಎಂದು ಸಂಕಪ್ಪ ಹೇಳಿದಾಗ ಅವನು ಉಳಿ ಕೆಳಗಿಟ್ಟ. "ದಾರಂದಕ್ಕೆ ಎರಡು ಜಾತಿಯ ಮರ ಆಗುದಿಲ್ಲ. ಹಲಸಿನ ತುಂಡು ಬೇಕು, ಒಣಗಿದ್ದು ಬೇಕು. ಮಳೆ ಕಳೀಲಿ, ಹುಡುಕುವ."

ಮಳೆ ಕಳೆಯುವುದೆಂದರೆ ಇನ್ನೂ ನಾಲ್ಕೈದು ತಿಂಗಳ ಉಪ್ಪು. ದಮಯಂತಿ ದಾರಂದವನ್ನು ಮೇಲಿಂದ ಕೆಳಗೆ ನೋಡಿದಳು.

"ಆಚಾರ್ರೆ, ಇದನ್ನು ಮಗುಚಿ ನಿಲ್ಲಿಸಿ. ಹೊಸ್ತಿಲು ಮೇಲೆ ಹೋಗಲಿ, ಮೇಲಿನ ಪಡಿ ಕೆಳಗೆ ಬರಲಿ. ಹೊಸ್ತಿಲಿನ ಅಡಿಯಿಂದ ಹೋಗುದಿಲ್ಲ ಅಂತ ನಾನು ಹೇಳಿಲ್ಲ."

"ಆಗ ನಿಲುವು ತಲೆಕೆಳಗಾಗ್ತದಲ್ಲ ಅಕ್ಕ. ಮರ ಕಾಡಲ್ಲಿ ನಿಂತ ಹಾಗೇ ಮನೆಯಲ್ಲೂ ನಿಲ್ಲಬೇಕು. ಬುಡ ಕೆಳಗೆ, ತಲೆ ಮೇಲೆ. ತಪ್ಪಿ ನಿಲ್ಲಿಸಿದರೆ ಆ ಮನೆಗೆ ಏಳಿಗೆ ಇಲ್ಲ."

"ಈಗ ಸರಿ ಉಂಟು ಅಂತ ಹೇಗೆ ಗೊತ್ತು?"

"ಮಾಡಿದ ಆಚಾರಿ ನೋಡದೆ ಮಾಡ್ತಾನಾ?"

"ನೀವು ನೋಡಿ."

ಕೆತ್ತಿ, ನಯ ಮಾಡಿ, ಬಣ್ಣ ಬಳಿದ ಮರದಲ್ಲಿ ಬುಡ ಯಾವುದೆಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ನೀರು ಬೇಕು. ಅವಳು ಬಿಡುವಂತೆ ಕಾಣದಿದ್ದಾಗ ಆಚಾರಿ ಗೊಣಗುತ್ತ ಗೂಟ ಬಡಿದು ನಿಲುವುಗಳನ್ನು ಬಿಚ್ಚಿದ. ಒಂದೊಂದರ ಕೆಳತುದಿಗೆ ಸುಣ್ಣದ ಗುರುತು ಹಾಕಿ ಕೆರೆಗೆ ಒಯ್ದ. ಬುಡದ ಕಡೆ ಭಾರ, ಅದು ನೀರಿನಲ್ಲಿ ತಗ್ಗಬೇಕು.

ಮೊದಲನೆಯದು ತೇಲಿತು. ಸ್ವಲ್ಪ ಹೊತ್ತು ಅಲುಗಿ ಸುಮ್ಮನಾಯಿತು. ಸುಣ್ಣದ ತುದಿ ಮೇಲೆದ್ದು ನಿಂತಿತು. ಇನ್ನೊಂದು ತುದಿ ತಗ್ಗಿತ್ತು.

ಆಚಾರಿ ಅದನ್ನು ಎಳೆದು ಮತ್ತೆ ಬಿಟ್ಟ. ಮತ್ತೆ ಹಾಗೇ. ಎರಡನೆಯದನ್ನು ಬಿಟ್ಟ. ಅದೂ ಹಾಗೇ. ಅವನು ಮೆಟ್ಟಲಿನ ಮೇಲೆ ಕುಳಿತ.

"ಎಷ್ಟು ವರ್ಷದ ಮನೆ ಅದು?"

"ಅತ್ತೆ ಮದುವೆಯಾಗಿ ಬಂದ ವರ್ಷ ಕಟ್ಟಿದ್ದು. ನಲವತ್ತಾದ್ರೂ ಆಗಿರಬೇಕು."

"ನಲವತ್ತು ವರ್ಷ ತಲೆಕೆಳಗಾಗಿ ನಿಂತಿತ್ತು" ಎಂದ ಆಚಾರಿ. "ಯಾರು ಮಾಡಿದ್ದು ಅಂತ ಕೇಳಬೇಡಿ. ಗೊತ್ತಿದ್ರೂ ಹೇಳುದಿಲ್ಲ. ನಮ್ಮವನೇ."

ಮಗುಚಿದರೆ ಸರಿಯಾಗುತ್ತದೆ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಎದ್ದು ಹೋಗಿ ಕೆಲಸ ಹಿಡಿದ. ನಾಲ್ಕು ದಿನದಲ್ಲಿ ದಾರಂದ ನಿಂತಿತು, ಒಂಬತ್ತನೆಯ ದಿನ ಹಂಚು ಹೊದೆಸಿ ಮುಗಿಯಿತು. ವಿಷಯ ಹೊರಗೆ ಹೋಗಬಾರದೆಂದು ಆಚಾರಿ ಎಲ್ಲರಲ್ಲೂ ಕೇಳಿಕೊಂಡ. ನಡುವೆ ಬಾಕಿ ಪಕ್ಕಾಸು ಇಳಿಸಲು ಬಂದಿದ್ದ ಮೂಸಕುಂಞಿಯೂ ತಲೆಯಾಡಿಸಿದ. ಅದರ ಮರುದಿನವೇ ಅವನಿಗೆ ಐವರ್ನಾಡಿನಲ್ಲಿ ಲೋಡಿತ್ತು.

ಒಕ್ಕಲಿನ ದಿನ ಹಾಲುಕ್ಕಿಸಿ, ಬಂದ ಮೂವತ್ತು ಜನಕ್ಕೆ ಬಡಿಸುವಾಗ ಪದ್ಮಯ್ಯ ಅಂಗಳಕ್ಕೆ ಬಂದ. ಬಿಳಿ ಅಂಗಿ, ಕೈಯಲ್ಲಿ ಒಂದು ಚೀಲ ಬಾಳೆಹಣ್ಣು. ಸಂಕಪ್ಪ ಕುರ್ಚಿ ಹಾಕಿಸಿದ. ಅವನು ಊಟ ಮುಗಿಸಿ ಎದ್ದ. ಕೈತೊಳೆದು ಹೊಸ ಮನೆಯ ಎದುರು ಬಂದು ನಿಂತ. ದಮಯಂತಿ ಬಾಗಿಲ ಒಳಗಿದ್ದಳು.

"ಅಮ್ಮ ಹೇಳಿಕಳಿಸಿದ್ದಾರೆ. ತಪ್ಪು ನಿನ್ನದಲ್ಲವಂತೆ, ದಾರಂದದ್ದಂತೆ. ಹೊಸಮನೆಗೆ ಹೊಸ ಹೊಸ್ತಿಲು. ನಿನ್ನ ಪ್ರಮಾಣ ಅದಕ್ಕೆ ತಾಗುದಿಲ್ವಂತೆ. ಬರ್ಬೇಕಂತೆ."

ಹನ್ನೊಂದು ವರ್ಷದಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ನೋಡಿದ ಹೆಣ್ಣು ಎಂತಾಯ್ತು?"

"ಇಬ್ಬರನ್ನು ನೋಡಿದ್ದು. ಹೆಣ್ಣಿನ ಕಡೆಯವರಿಗೆ ಆಗಲಿಲ್ಲ."

"ಇದೆಲ್ಲ ಅಮ್ಮ ಹೇಳಿದ್ದು. ನೀವು ಎಂತ ಹೇಳ್ತೀರಿ?"

ಪದ್ಮಯ್ಯ ಯೋಚಿಸಿದ. ಅವನು ನಿಜಕ್ಕೂ ಯೋಚಿಸುತ್ತಿದ್ದಾನೆ ಎಂಬುದು ಅವಳಿಗೆ ಕಂಡಿತು, ಅವಳು ಕಾದಳು. ಹಿಂದೆ ಎಂಜಲೆಲೆ ತೆಗೆಯುವ ಸದ್ದು ಮುಗಿಯಿತು. ಅವನು ಗಡಿಯಾರ ನೋಡಿದ.

"ಮೂರೂವರೆಗೆ ಒಂದು ಬಸ್ಸುಂಟು" ಎಂದ.

"ಹಾಗಾದ್ರೆ ಈಗ ಹೊರಡಬೇಕು ನೀವು. ಕಡಬಕ್ಕೆ ನಡೆಯುವಷ್ಟು ಹೊತ್ತು ಬೇಕಲ್ಲ."

ಅವನು ತಲೆಯಾಡಿಸಿದ. ಬಾಳೆಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟು ಹೊರಟ. ಅವನು ಹಟ್ಟಿ ದಾಟುವವರೆಗೆ ದಮಯಂತಿ ನಿಂತಿದ್ದಳು. ಆಮೇಲೆ ಹಣ್ಣನ್ನು ಒಳಗಿಟ್ಟು, ಬೆಳಗ್ಗೆ ಹಾಲುಕ್ಕಿಸಿದ ಒಲೆಗೆ ಎರಡು ಸೌದೆ ತುರುಕಿ, ರಾತ್ರಿಯ ಸಾರಿಗೆ ಬೇಳೆ ಹಾಕಿದಳು.