ಮುನ್ನೂರು ಸಲ ಮುರಿದ ಕಾಲು

“ಗಂಟು ನೆತ್ತಿಗೆ ಬರ್ಬೇಕು ಕಣೋ. ಕಿವಿ ಹತ್ರ ಬಂದ್ರೆ ಜಾರತ್ತೆ.”

“ನೆತ್ತಿಗೇ ತರ್ತಾ ಇದೀನಲ್ಲಯ್ಯ. ನೀನು ತಲೆ ಸರಿಯಾಗಿ ಹಿಡ್ಕೊ.”

“ರೀಫ್ ನಾಟಾ ಅದು? ಗ್ರ್ಯಾನಿ ನಾಟು, ಜಾರೋ ಗಂಟು. ಬಿಚ್ಚು, ಬಿಚ್ಚು.”

ಡಾಕ್ಟರ್ ಷಡಕ್ಷರಿ ಬಿಚ್ಚಿದ. ಬಟ್ಟೆಯ ಎರಡು ತುದಿಗಳನ್ನು ಸತ್ತವನ ಗಲ್ಲದ ಕೆಳಗಿನಿಂದ ಮತ್ತೆ ಮೇಲಕ್ಕೆ ತಂದ. ಬಲದ್ದು ಎಡದ್ದರ ಮೇಲೆ, ಎಡದ್ದು ಬಲದ್ದರ ಮೇಲೆ. ಎಳೆದು ಬಿಗಿದಾಗ ತೆರೆದಿದ್ದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ತಲೆ ಹಿಡಿದು ಕೂತಿದ್ದ ಸಿಲ್ವೆಸ್ಟರ್, ರೈಲ್ವೆ ವರ್ಕ್‌ಷಾಪಿನ ಫಿಟ್ಟರು, ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಈಗ ಪಾಸು,” ಎಂದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕೆಸರೆಯ ಆ ಸಣ್ಣ ಮನೆಯ ಮುಂದೆ ನೂರು ಜನ ಸೇರಿದ್ದರು. ಪೊಲೀಸಿನವರ ಜೀಪು ಬಂದಿತ್ತು. ಕರಿ ಕೋಟಿನ ಇಬ್ಬರು ವಕೀಲರು ಬೇವಿನ ಮರದ ಕೆಳಗೆ ನಿಂತಿದ್ದರು. ಇಸ್ತ್ರಿ ಮಾಡಿದ ಖಾಕಿ ತೊಟ್ಟು, ಉದ್ದನೆಯ ಕೋಲು ಹಿಡಿದ ಹನ್ನೆರಡು ಸ್ಕೌಟುಗಳು ಸಾಲಾಗಿ ನಿಂತಿದ್ದರು. ಬೀದಿಯವರಿಗೆ ಇದು ಅರ್ಥವಾಗಲಿಲ್ಲ. ಸತ್ತಿದ್ದವನು ಹೈಸ್ಕೂಲಿನ ಜವಾನ ಹುಚ್ಚಣ್ಣ, ಗಂಟೆ ಹೊಡೆಯುವವನು, ಗಿಡಗಳಿಗೆ ನೀರು ಹಾಕುವವನು. ಅಂಥವನ ಸಾವಿಗೆ ಜೀಪೇಕೆ?

“ಏನಾಯ್ತಂತೆ?” ಷಡಕ್ಷರಿ ಪಿಸುಗುಟ್ಟಿದ.

“ನೆನ್ನೆ ಸಾಯಂಕಾಲ ಫೀಲ್ಡಲ್ಲಿ ಇವತ್ತಿನ ಸ್ಕೌಟ್ ಪರೀಕ್ಷೆಗೆ ಸುಣ್ಣದ ಗೆರೆ ಎಳೀತಿದ್ದೋನು ಅಲ್ಲೇ ಮಲಗ್ಬುಟ್ಟ. ಇಬ್ರು ಪುಟ್ಟ ಹುಡುಗ್ರು ನೋಡಿದ್ರು. ಪ್ರಾಕ್ಟೀಸಿಗೆ ಮಲಗವ್ನೆ ಅನ್ಕಂಡು ಬಲಗಾಲಿಗೆ ದಬ್ಬೆ ಕಟ್ಟಿದ್ರಂತೆ. ಸ್ಟ್ರೆಚರ್ ತರಕ್ಕೆ ಹೋದ್ಮೇಲೇನೆ ಯಾರೋ ದೊಡ್ಡೋರು ಬಂದು ಮೂಗಿನ ಹತ್ರ ಕೈ ಇಟ್ಟಿದ್ದು.”

“ಅಯ್ಯೋ ದೇವ್ರೇ.”

“ಚೆನ್ನಾಗಿ ಕಟ್ಟವ್ರೆ ಕಣೋ. ಇನ್ನೂ ಬಿಚ್ಚಿಲ್ಲ, ನೋಡು ಬೇಕಾದ್ರೆ.”

ಷಡಕ್ಷರಿ ಹೊದಿಕೆ ಸರಿಸಿದ. ನಿಜಕ್ಕೂ ಚೆನ್ನಾಗಿ ಕಟ್ಟಿದ್ದರು. ಮಂಡಿಯ ಮೇಲೊಂದು ಪಟ್ಟಿ, ಕೆಳಗೊಂದು, ಪಾದಕ್ಕೆ ಎಂಟರ ಆಕಾರದಲ್ಲಿ ಒಂದು. ಅವನಿಗೆ ನಗು ಒತ್ತರಿಸಿ ಬಂತು. ತಡೆಯಲು ಹೋಗಿ ಕೆಮ್ಮಿದ. ಸಿಲ್ವೆಸ್ಟರನ ಭುಜಗಳೂ ಕುಲುಕತೊಡಗಿದವು.

ತಲೆಯ ಬಳಿ ಕೂತಿದ್ದ ಹುಚ್ಚಣ್ಣನ ಹೆಂಡತಿ ಕೆಂಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ನಗ್ರಪ್ಪ, ಪರ್ವಾಗಿಲ್ಲ. ಅವ್ನು ಇದ್ದಿದ್ರೆ ಅವ್ನೂ ನಗೋನು,” ಎಂದಳು.

*

ಸ್ವಾತಂತ್ರ್ಯ ಬಂದ ವರ್ಷ. ಪರೀಕ್ಷಕ ಬಿಂದುಮಾಧವ ರಾಯರು ಸ್ಕೌಟುಗಳಿಗೆ ಪ್ರಥಮ ಚಿಕಿತ್ಸೆಯ ಪರೀಕ್ಷೆ ಮಾಡುತ್ತಿದ್ದರು. ರೋಗಿಯಾಗಿ ಮಲಗಿದ್ದ ಹುಡುಗನಿಗೆ ಪಾದ ಮುಟ್ಟಿದರೆ ಕಚಗುಳಿ. ಅವನು ನಕ್ಕು ನಕ್ಕು ಎರಡು ಸಲ ದಬ್ಬೆ ಒದ್ದು ಬೀಳಿಸಿದ. ರಾಯರು ಸುತ್ತ ನೋಡಿದರು. ಕ್ರೋಟನ್ ಗಿಡಗಳಿಗೆ ನೀರು ಹಾಕುತ್ತಿದ್ದ ಜವಾನ ಕಣ್ಣಿಗೆ ಬಿದ್ದ.

“ಹುಚ್ಚಣ್ಣ, ಬಾ ಇಲ್ಲಿ. ಮಲಕ್ಕೊ.”

“ಏನ್ ತಪ್ ಮಾಡ್ದೆ ಬುದ್ದಿ?”

“ತಪ್ಪಲ್ಲ. ನಿನ್ನ ಕಾಲು ಮುರಿದಿದೆ.”

ಹುಚ್ಚಣ್ಣ ತನ್ನ ಎರಡೂ ಕಾಲುಗಳನ್ನು ಬಗ್ಗಿ ನೋಡಿಕೊಂಡ. “ಯಾವ್ದು ಬುದ್ದಿ?” ಎಂದ.

ಅಂದಿನಿಂದ ಹದಿಮೂರು ವರ್ಷ ಅವನು ಮಲಗಿದ. ಬಿಸಿಲಿನಲ್ಲಿ, ಇರುವೆ ಓಡಾಡುವ ಹುಲ್ಲಿನ ಮೇಲೆ. ನೀರಿನಲ್ಲಿ ಮುಳುಗಿದ, ಹಾವು ಕಚ್ಚಿಸಿಕೊಂಡ, ಮರದಿಂದ ಬಿದ್ದ. ಬಲಗಾಲೊಂದೇ ಮುನ್ನೂರು ಸಲವಾದರೂ ಮುರಿದಿರಬೇಕು. ಓದು ಬಾರದವನಿಗೆ ಎರಡನೇ ವರ್ಷಕ್ಕೆಲ್ಲ ಇಡೀ ಪಠ್ಯ ಮೈಗೆ ಗೊತ್ತಾಗಿಹೋಗಿತ್ತು. ಯಾವ ಪಟ್ಟಿ ಎಲ್ಲಿ ಕೂರಬೇಕು, ಎಷ್ಟು ಬಿಗಿದರೆ ರಕ್ತ ನಿಲ್ಲುತ್ತದೆ, ಯಾವ ಗಂಟು ಎಲುಬಿಗೆ ಒತ್ತುತ್ತದೆ ಎಂಬುದೆಲ್ಲ. ಕಟ್ಟುವ ಹುಡುಗರು ಪ್ರತಿ ವರ್ಷ ಹೊಸಬರು. ಕಟ್ಟಿಸಿಕೊಳ್ಳುವವನು ಒಬ್ಬನೇ.

*

ಬೇವಿನ ಮರದ ಕೆಳಗೆ ಸೇರಿದ ಹಳೆಯ ಸ್ಕೌಟುಗಳಲ್ಲಿ ಮಾತು ಮೊದಲು ಶುರು ಮಾಡಿದವನು ಸಿಲ್ವೆಸ್ಟರ್.

“ನಂಗೆ ಮ್ಯಾಪೇ ಬರ್ತಿರ್ಲಿಲ್ಲ ಕಣ್ರೀ. ಸ್ಟ್ರೆಚರ್ ಹೊತ್ಕೊಂಡು ಕೆರೆ ಏರಿ ಮೇಲೆ ನಿಂತ್ಬುಟ್ಟಿದ್ದೆ. ಕೈಲಿ ದಿಕ್ಸೂಚಿ, ಉತ್ತರ ಯಾವ್ದು ಅಂತ್ಲೇ ಗೊತ್ತಿಲ್ಲ. ಮೇಲೆ ಮಲಗಿದ್ದೋನು ತುಟಿ ಅಲ್ಲಾಡಿಸ್ದೆ ಹೇಳ್ದ, ‘ಬಲಕ್ಕೆ ತಿರುಗ್ಕಳಪ್ಪ, ನೇರಳೆ ಮರದ್ ಕಡೆ’ ಅಂತ.”

ಷಡಕ್ಷರಿ ಅವನನ್ನೇ ದಿಟ್ಟಿಸಿದ. “ನಿಂಗೂ ಹೇಳ್ಕೊಟ್ನಾ?”

“ನಿಂಗೂನಾ?”

“ನಂಗೆ ಕಾಲ್ಬೆರಳು. ಒಂದ್ಸಲ ಆಡ್ಸಿದ್ರೆ ಪಟ್ಟಿ ಸಡಿಲ, ಎರಡ್ಸಲ ಆಡ್ಸಿದ್ರೆ ಬಿಗಿ. ನನ್ನೊಬ್ನಿಗೇ ಅನ್ಕೊಂಡಿದ್ನಲ್ಲಯ್ಯ ಇಷ್ಟು ವರ್ಷ.”

“ನನಗೆ ನರಳಿ ತೋರಿಸ್ತಿದ್ದ,” ಎಂದರು ವಕೀಲರಲ್ಲಿ ಒಬ್ಬರು. “ತಪ್ಪು ಜಾಗದಲ್ಲಿ ಕೈಯಿಟ್ಟರೆ ‘ಅಮ್ಮಾ’ ಅನ್ನೋನು. ಸರಿಯಾದ ಜಾಗಕ್ಕೆ ಬಂದರೆ ಸುಮ್ಮನಾಗೋನು.”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬನಿಗೆ ಕೆಮ್ಮು, ಒಬ್ಬನಿಗೆ ಕಣ್ಸನ್ನೆ. ಹೇಳುತ್ತ ಹೇಳುತ್ತ ಅವರ ದನಿ ಏರಿತು. ಸಾವಿನ ಮನೆ ಎಂಬುದು ಮರೆತು, ಪರೀಕ್ಷೆ ಮುಗಿಸಿ ಹೊರಬಂದ ಹುಡುಗರಂತೆ ಒಬ್ಬರ ತೋಳು ಒಬ್ಬರು ಹಿಡಿದು ಎಳೆದಾಡಿದರು. ಮರದ ಇನ್ನೊಂದು ಬದಿಯ ಬೆಂಚಿನಲ್ಲಿ ಬಿಂದುಮಾಧವ ರಾಯರು ಕೂತಿದ್ದಾರೆಂಬುದು ಯಾರಿಗೂ ನೆನಪಿರಲಿಲ್ಲ.

ರಾಯರು ಪರೀಕ್ಷೆಗೆಂದು ಬೆಳಿಗ್ಗೆ ಏಳಕ್ಕೇ ಲಕ್ಷ್ಮೀಪುರದಿಂದ ಸೈಕಲ್ಲಿನಲ್ಲಿ ಫೀಲ್ಡಿಗೆ ಬಂದು, ಸುದ್ದಿ ತಿಳಿದು, ಹಾಜರಿದ್ದ ಸ್ಕೌಟುಗಳನ್ನು ಕರೆದುಕೊಂಡು ನೇರವಾಗಿ ಇಲ್ಲಿಗೆ ಬಂದಿದ್ದರು. ಅಂಕದ ಹಾಳೆಗಳಿದ್ದ ಚೀಲ ಇನ್ನೂ ಹೆಗಲಿನಲ್ಲೇ ಇತ್ತು.

“ಎಷ್ಟು ಜನಕ್ಕೆ ಹೇಳ್ಕೊಟ್ಟ?” ಎಂದರು.

ಮೊದಲು ಷಡಕ್ಷರಿ ಕೈ ಎತ್ತಿದ. ಆಮೇಲೆ ಸಿಲ್ವೆಸ್ಟರ್, ವಕೀಲರು, ಜೀಪಿಗೆ ಒರಗಿ ನಿಂತಿದ್ದ ಪೊಲೀಸ್ ಅಧಿಕಾರಿ, ಕೊನೆಗೆ ಸಾಲಿನಲ್ಲಿದ್ದ ಸ್ಕೌಟುಗಳೂ. ತರಗತಿಯಲ್ಲಿ ಎತ್ತುವ ಹಾಗೆ, ಮೊಣಕೈ ಮಡಿಸದೆ.

“ಹದಿಮೂರು ವರ್ಷ,” ರಾಯರು ಕನ್ನಡಕ ತೆಗೆದರು. “ಹಾಗಾದ್ರೆ ನಾನು ಪರೀಕ್ಷೆ ಮಾಡಿದ್ದು ಯಾರನ್ನ?”

“ಅವನನ್ನೇ ಸಾರ್,” ಎಂದ ಸಿಲ್ವೆಸ್ಟರ್. “ಪ್ರತಿ ಸಲಾನೂ ಪಾಸಾದ.”

ಬಾವಿಯ ಹತ್ತಿರ, ತಲೆಯಿಂದ ನೀರು ಇಳಿಯುತ್ತಿದ್ದಂತೆಯೇ, ಒದ್ದೆ ಪಂಚೆಯಲ್ಲಿ ಹುಚ್ಚಣ್ಣನ ಮಗ ಅಶ್ವತ್ಥ ನಿಂತಿದ್ದ. ಅವನೂ ಸ್ಕೌಟು. ಅಲ್ಲಿದ್ದ ಹಳಬರಲ್ಲಿ, ಹೊಸಬರಲ್ಲಿ, ಹುಚ್ಚಣ್ಣನಿಗೆ ಪಟ್ಟಿ ಕಟ್ಟಿಯೂ ಕೈ ಎತ್ತದೆ ಉಳಿದವನು ಅವನೊಬ್ಬನೇ.

*

ಅಶ್ವತ್ಥ ಎರಡು ಸಲ ಫೇಲಾಗಿದ್ದ. ಪ್ರಥಮ ದರ್ಜೆಯ ಬ್ಯಾಡ್ಜು ಇದ್ದವರಿಗೆ ಮಾತ್ರ ದೆಹಲಿಯ ಸ್ಕೌಟ್ ಮೇಳಕ್ಕೆ ಹೋಗುವ ರೈಲಿನಲ್ಲಿ ಜಾಗ. ನಂಜನಗೂಡು ದಾಟಿ ಅವನು ರೈಲಿನಲ್ಲಿ ಹೋದವನಲ್ಲ. ಇನ್ನು ಇಪ್ಪತ್ತು ದಿನಕ್ಕೆ ಹದಿನೆಂಟು ತುಂಬಿದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಈ ಭಾನುವಾರದ್ದೇ ಕೊನೆಯದು.

ಕಳೆದ ಸಲ ಅಪ್ಪ ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಅಶ್ವತ್ಥ ದಬ್ಬೆಯನ್ನು ಹಿಮ್ಮಡಿಯಿಂದ ತೊಡೆಯವರೆಗೆ ಇಟ್ಟು ಕಟ್ಟಿದ. ಇನ್ನೂ ಮೇಲಕ್ಕೆ ಹೋಗಬೇಕಿತ್ತೇ ಎಂಬ ಅನುಮಾನ ಬಂದು ಅಪ್ಪನ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ. ರೆಪ್ಪೆ ಅಲುಗಲಿಲ್ಲ, ಬೆರಳು ಆಡಲಿಲ್ಲ. ನಿಜವಾಗಿಯೂ ಪ್ರಜ್ಞೆ ತಪ್ಪಿದವನಂತೆ ಬಿದ್ದಿದ್ದ.

“ತೊಡೆ ಮುರಿದಿದ್ರೆ ಮೇಲಿನ ಕೀಲು, ಕೆಳಗಿನ ಕೀಲು, ಎರಡೂ ದಾಟ್ಬೇಕು,” ಎಂದು ರಾಯರು ಹಾಳೆಯಲ್ಲಿ ಗೆರೆ ಎಳೆದರು. “ಮುಂದಿನ ಸಲ.”

ಸಂಜೆ ಕೆಸರೆಯವರೆಗೆ ಅಪ್ಪ ಮಗ ನಡೆದೇ ಬಂದರು. ಮನೆ ಹತ್ತಿರವಾದಾಗ ಹುಚ್ಚಣ್ಣ ನಿಂತು, ಕಾಲು ಕೊಡವಿ, “ಜೋಮು ಹಿಡಿದದೆ,” ಎಂದ.

*

ತಾಯಿ ಕೆಂಡದ ಮಡಕೆಯನ್ನು ಕೈಗೆ ಕೊಡುವಾಗ ಅಶ್ವತ್ಥ ಅವಳ ಮುಖ ನೋಡಿದ.

“ಎಲ್ಲರ್ಗೂ ಏಳ್ಕೊಡ್ತಿದ್ನಂತಲ್ಲವ್ವ.”

ಕೆಂಚಮ್ಮ ಮಡಕೆಯ ಹಗ್ಗ ಸರಿಪಡಿಸಿದಳು. “ಊಂ ಕಣ್ ಮಗ.”

“ನಂಗ್ಯಾಕೆ ಏಳ್ಲಿಲ್ಲ?”

“ನಾನೂ ಕೇಳ್ದೆ. ಜಗಳಾನೇ ಆಡ್ದೆ. ‘ಬ್ಯಾರೆ ಮಕ್ಳು ಪಾಸಾದ್ರೆ ಯಾರೂ ಕೇಳಲ್ಲ, ಜವಾನನ ಹೈದ ಪಾಸಾದ್ರೆ ನೂರು ಜನ ಕೇಳ್ತಾರೆ’ ಅಂದ. ಏಳಕ್ಕೆ ಬಾಯಿ ತುದೀಗೆ ಬತ್ತದಂತೆ. ನಾಲ್ಗೆ ಕಚ್ಕೊಂಡು ಮಲಗಿರ್ತೀನಿ ಅಂದ.” ಅವಳು ಮಗನ ಒದ್ದೆ ಬೆನ್ನ ಮೇಲೆ ಕೈಯಿಟ್ಟಳು. “ಹೊರಡು. ಮಸಾಣ ಸಿಕ್ಕೋ ಗಂಟ ಮಡಕೆ ಇಳಿಸ್ಬಾರ್ದು, ಹಿಂದಕ್ಕೆ ತಿರುಗ್ಬಾರ್ದು.”

ತಮಟೆ ಬಡಿಯಿತು. ಅಶ್ವತ್ಥ ಮುಂದೆ ಹೊರಟ. ಹಿಂದೆ ಷಡಕ್ಷರಿ, ಸಿಲ್ವೆಸ್ಟರ್ ಚಟ್ಟಕ್ಕೆ ಹೆಗಲು ಕೊಟ್ಟಿದ್ದರು. ಹೊಗೆ ಕಣ್ಣಿಗೆ ನುಗ್ಗುತ್ತಿತ್ತು. ಸಿಟ್ಟೋ, ಸಂತೋಷವೋ, ಏನೋ ಒಂದು ಅವನ ಎದೆಯಲ್ಲಿ ತಮಟೆಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅಪ್ಪ ನಾಲಿಗೆ ಕಚ್ಚಿಕೊಂಡಿದ್ದ. ಎರಡು ಸಲ. ಅವನ ಹೆಜ್ಜೆ ಬಿರುಸಾಯಿತು. ಹಿಂದಿನವರು ಓಡುನಡೆಯಲ್ಲಿ ಬರಬೇಕಾಯಿತು.

ಸ್ಮಶಾನದ ದಾರಿಗೆ ಅಡ್ಡಲಾಗಿ ಪೈಪು ಹೂಳಲು ಆಳುದ್ದ ಕಾಲುವೆ ತೋಡಿದ್ದರು. ಮೇಲೆ ಎರಡು ಹಲಗೆ. ಅಶ್ವತ್ಥ ದಾಟಿ ಹತ್ತು ಹೆಜ್ಜೆ ಹೋಗಿದ್ದ. ಹಿಂದೆ ಹಲಗೆ ಕಿರುಗುಟ್ಟಿತು. ಆಮೇಲೆ ಬಿದಿರು ಸೀಳಿದ ಸದ್ದು, ಹೆಂಗಸರ ಕೂಗು. ತಮಟೆ ನಿಂತಿತು.

“ಚಟ್ಟ ಮುರೀತು,” ಯಾರೋ ಅರಚಿದರು. “ಜಾರ್ತಾ ಅದೆ, ಹಿಡೀರಿ.”

ಅವನ ಕತ್ತು ತಾನಾಗಿಯೇ ಹೊರಳಿತು. “ತಿರುಗ್ಬೇಡ ಮಗ,” ಎಂದು ಕೆಂಚಮ್ಮ ಆ ಗದ್ದಲದಲ್ಲೂ ಕೂಗಿದಳು. “ಮಡಕೆ ಇಳಿಸ್ಬೇಡ.”

ಅಶ್ವತ್ಥ ನಿಂತ. ಮುಂದೆ ಖಾಲಿ ದಾರಿ, ಮುಳ್ಳಿನ ಪೊದೆ, ಬಿಸಿಲು. ಹಿಂದೆ ನಡೆಯುತ್ತಿರುವುದು ಕಿವಿಗಷ್ಟೇ. ಕಣ್ಣು ಮುಚ್ಚಿದ. ಹಲಗೆ, ಬಿದಿರು, ಅದರ ಮೇಲಿನ ಭಾರ, ಎಲ್ಲವೂ ಸ್ಪಷ್ಟವಾಗಿ ಕಂಡಿತು.

“ಯಾರೂ ಎಳೀಬೇಡಿ,” ಎಂದು ಕೂಗಿದ. ತನ್ನ ದನಿ ಇಷ್ಟು ದೊಡ್ಡದೆಂದು ಅವನಿಗೇ ತಿಳಿದಿರಲಿಲ್ಲ. “ಡಾಕ್ಟ್ರೇ, ತಲೆ, ಹೆಗಲು ಹಿಡ್ಕೊಳ್ಳಿ. ಸಿಲ್ವೆಸ್ಟರಣ್ಣ, ಸೊಂಟ. ನಾನು ಮೂರು ಅಂದಾಗ ಹಿಂದಕ್ಕೆ, ಆ ದಡಕ್ಕೇ. ಒಂದು, ಎರಡು, ಮೂರು.”

“ಬಂದ,” ಎಂದ ಸಿಲ್ವೆಸ್ಟರ್ ಏದುತ್ತ. “ನೆಲದ ಮೇಲವ್ನೆ.”

“ಸ್ಕೌಟ್ಸ್, ಎರಡು ಕೋಲು. ಮೂರು ಜನ ಶರ್ಟು ಬಿಚ್ಚಿ. ತೋಳು ಒಳಕ್ಕೆ ಎಳ್ಕೊಂಡು ಬಟನ್ ಹಾಕಿ. ತೋಳೊಳಗಿಂದ ಕೋಲು ತೂರ್ಸಿ.”

ಖಾಕಿಗಳು ಕಳಚಿದವು. ಅಂಕದ ಚೀಲ ಹೆಗಲಲ್ಲಿದ್ದ ರಾಯರ ಕೈ, ಅವರಿಗೇ ತಿಳಿಯದೆ, ಜೇಬಿನ ಗಡಿಯಾರಕ್ಕೆ ಹೋಯಿತು.

“ಆಯ್ತಣ್ಣ,” ಎಂದ ಒಬ್ಬ ಸ್ಕೌಟು.

“ಕೋಲು ಒಂದಕ್ಕೊಂದು ಕೂಡ್ಕೊಂಬುಡ್ತವೆ. ಚಟ್ಟದ ಎರಡು ಅಡ್ಡ ಬಿದಿರು ಕಿತ್ತು ಎರಡೂ ತುದೀಗೆ ಕಟ್ಟಿ. ಕ್ಲೋವ್ ಹಿಚ್ ಗಂಟು. ಸ್ಕಾರ್ಫಲ್ಲಿ ಅಪ್ಪನ ಪಾದ ಜೋಡಿಸಿ ಕಟ್ಟಿ. ಗಂಟು ಪಕ್ಕಕ್ಕೆ ಬರ್ಲಿ. ಎಲುಬಿನ ಮೇಲೆ ಬೇಡ, ಒತ್ತುತ್ತೆ.”

ಯಾರೂ ನಗಲಿಲ್ಲ. ಗಂಟು ಪಕ್ಕಕ್ಕೇ ಬಂತು.

“ಹಲಗೆ ಮೇಲೆ ಬರ್ಬೇಡಿ. ನಿಮ್ಮ ಎಡಕ್ಕೆ, ಕಾಲುವೆ ಪಕ್ಕದಲ್ಲೇ ಐವತ್ತು ಹೆಜ್ಜೆ ನಡೀರಿ. ಪೈಪು ಹೂತು ಮಣ್ಣು ಮುಚ್ಚಿರೋ ಜಾಗ ಅದೆ, ನಾನು ನೋಡಿದೀನಿ. ಅಲ್ಲಿ ದಾಟಿ. ಕಾಲು ಮುಂದೆ, ತಲೆ ಹಿಂದೆ. ಹೆಜ್ಜೆ ಸಮ ಹಾಕ್ಬೇಡಿ, ತೂಗಾಡುತ್ತೆ.”

ಬನಿಯನ್ನಿನ ಮೂವರು, ಖಾಕಿಯ ಒಬ್ಬ, ಅಕ್ಕಪಕ್ಕದಲ್ಲಿ ಡಾಕ್ಟರು, ಫಿಟ್ಟರು. ಹುಚ್ಚಣ್ಣನನ್ನು ಎತ್ತಿ ಹೊರಟರು. ಐವತ್ತು ಹೆಜ್ಜೆ. ಮಣ್ಣು ಮುಚ್ಚಿದ ಜಾಗ ಅಲ್ಲೇ ಇತ್ತು. ದಾಟಿ, ಬಳಸಿ, ಅಶ್ವತ್ಥನ ಬೆನ್ನ ಹಿಂದೆ ಬಂದು ಸೇರಿದಾಗ ತಮಟೆಯವನು ಯಾರೂ ಹೇಳದೆಯೇ ಮೊದಲಿಗಿಂತ ಎರಡರಷ್ಟು ವೇಗದಲ್ಲಿ ಬಾರಿಸತೊಡಗಿದ.

*

ಚಿತೆ ಹತ್ತಿಕೊಂಡ ಮೇಲೆ ಜನ ಕೈಕಾಲು ತೊಳೆಯಲು ಕೊಳಾಯಿಯ ಕಡೆ ನಡೆದರು. ಬಿಂದುಮಾಧವ ರಾಯರು ಅಶ್ವತ್ಥನನ್ನು ಪಕ್ಕಕ್ಕೆ ಕರೆದರು. ಷಡಕ್ಷರಿ, ಸಿಲ್ವೆಸ್ಟರ್, ಕೆಂಚಮ್ಮ ಹಿಂದೆಯೇ ಬಂದರು. ರಾಯರು ಚೀಲದಿಂದ ಹಾಳೆ ತೆಗೆದು, ಮಂಡಿಯ ಮೇಲಿಟ್ಟು ಸಹಿ ಹಾಕಿದರು.

“ಸ್ಟ್ರೆಚರಿಗೆ ಎಂಟು ನಿಮಿಷ ಕೊಡ್ತೀವಿ. ನಿಂಗೆ ಐದೂವರೆ ಸಾಕಾಯ್ತು. ಬೆನ್ನು ಹಾಕ್ಕೊಂಡು,” ಎಂದರು. “ದಾರಿನೂ ನೀನೇ ತೋರಿಸ್ದೆ. ತಗೋ. ಇಷ್ಟು ವರ್ಷದಲ್ಲಿ ನಾನು ಕಣ್ಣಾರೆ ನೋಡಿ ಕೊಡ್ತಿರೋದು ಇದೊಂದೇ.”

ಅಶ್ವತ್ಥ ಹಾಳೆಯ ಕಡೆ ನೋಡಿದ. ಹೆಸರು, ದರ್ಜೆ, ಸಹಿ.

“ಗಂಟು ಹಾಕ್ದೋರು ಅವ್ರು ಸಾರ್. ನಾನು ಬಾಯಲ್ಲಿ ಹೇಳ್ಕೊಟ್ಟೆ, ಅಷ್ಟೆ.”

“ಹೇಳ್ಕೊಡೋಕೂ ಬರಬೇಕಲ್ಲೋ.”

“ಹೇಳ್ಕೊಟ್ಟೋನಿಗೆ ಎಂದಾದ್ರೂ ಬ್ಯಾಡ್ಜ್ ಕೊಟ್ಟಿದೀರಾ ಸಾರ್?”

ರಾಯರು ಚಿತೆಯ ಕಡೆ ನೋಡಲಿಲ್ಲ, ಅಶ್ವತ್ಥನ ಕಡೆಯೂ ನೋಡಲಿಲ್ಲ.

“ಹಟ ಮಾಡ್ಬೇಡ ಕಣೋ,” ಎಂದ ಷಡಕ್ಷರಿ. “ಇನ್ನು ಇಪ್ಪತ್ತು ದಿನ. ಆಮೇಲೆ ಕೇಳಿದ್ರೂ ಸಿಕ್ಕಲ್ಲ. ದಿಲ್ಲಿ ರೈಲು ತಪ್ಪತ್ತೆ.”

“ಈಸ್ಕೊ ಮಗ,” ಎಂದಳು ಕೆಂಚಮ್ಮ. “ಮೇಷ್ಟ್ರು ಮನಸಾರೆ ಕೊಡ್ತಾವ್ರೆ.”

ರಾಯರು ಹಾಳೆಯನ್ನು ಇನ್ನಷ್ಟು ಮುಂದಕ್ಕೆ ಚಾಚಿದರು. ಗಾಳಿಗೆ ಅದರ ಅಂಚು ಪಟಪಟನೆ ಬಡಿಯಿತು. ಅಶ್ವತ್ಥ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನಂಗೆ ಬೇಡ ಸಾರ್,” ಎಂದ.