ಕಾಂತರಾಜುವಿನ ಕಾರು ಕುಡಿದ ಪೆಟ್ರೋಲು

ಮಾನ್ಯ ವಾಚಕ ಮಹಾಶಯರೇ, ಈ ವೃತ್ತಾಂತಕ್ಕೆ ಕಾರಣವಾದ ವಾಹನದ ಗುಣಸ್ವಭಾವವನ್ನು ಮೊದಲಿಗೇ ಅರಿಕೆ ಮಾಡುವುದು ಉಚಿತವೆಂದು ತೋರುತ್ತದೆ. ಅದನ್ನು ಪ್ಲಗ್-ಇನ್ ಹೈಬ್ರಿಡ್ ಎನ್ನುತ್ತಾರೆ. ಒಂದೇ ಅಡುಗೆಮನೆಯಲ್ಲಿ ಗ್ಯಾಸಿನ ಒಲೆಯನ್ನೂ ಸೌದೆಯ ಒಲೆಯನ್ನೂ ಇಟ್ಟುಕೊಂಡ ಮನೆಗಳನ್ನು ತಾವು ನೋಡಿರುತ್ತೀರಿ. ದಿನದ ಮುದ್ದೆ ಸಾರು ಗ್ಯಾಸಿನ ಮೇಲೆ ಆಗಿಬಿಡುತ್ತದೆ. ನೆಂಟರು ತುಂಬಿದ ದಿನ ಸೌದೆಗೆ ಬೆಂಕಿ ಬೀಳುತ್ತದೆ. ಈ ಕಾರೂ ಹಾಗೆಯೇ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಬ್ಯಾಟರಿ ತುಂಬಿಸಿದರೆ ಐವತ್ತು ಅರುವತ್ತು ಕಿಲೋಮೀಟರು ಬರೀ ಕರೆಂಟಿನಲ್ಲಿ ಸದ್ದಿಲ್ಲದೆ ಓಡುತ್ತದೆ. ಅದು ಮುಗಿದರೆ ಪೆಟ್ರೋಲ್ ಎಂಜಿನ್ ತಾನಾಗಿಯೇ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಕಾಂತರಾಜು ಇಷ್ಟನ್ನು ಬಲ್ಲವನಾಗಿದ್ದ. ಇದರಾಚೆಗೆ ತಿಳಿಯುವ ಗೋಜಿಗೆ ಅವನು ಹೋಗದೇ ಇದ್ದುದರಿಂದ, ಅವನ ಡ್ರೈವರ್ ಚಲಪತಿಯ ತಾಯಿ ಊರಿನವರೆದುರು ಅಂಗೈ ಸುಟ್ಟುಕೊಳ್ಳಬೇಕಾಯಿತು.

ಕಾಂತರಾಜುವಿಗೆ ದೇವನಹಳ್ಳಿ ಸೀಮೆಯ ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆ ಇತ್ತು. ಮನೆ ಮಾತ್ರ ಪಕ್ಕದ ಹಳ್ಳಿಯಲ್ಲಿ. ಮನೆಯಿಂದ ಕಾರ್ಖಾನೆಗೆ, ಅಲ್ಲಿಂದ ದೇವನಹಳ್ಳಿಗೆ, ಸಂಜೆ ವಾಪಸು ಮನೆಗೆ, ದಿನಕ್ಕೆ ನಲವತ್ತು ಕಿಲೋಮೀಟರು ಮೀರುತ್ತಿರಲಿಲ್ಲ. ಹೊರದೇಶದಿಂದ ಬಂದ ಆ ಕಾರನ್ನು ಕೊಂಡ ಮೇಲೆ ತನಗೆ ಪೆಟ್ರೋಲ್ ಬಂಕಿನ ದಾರಿಯೇ ಮರೆತುಹೋಗಿದೆ ಎಂದು ಅವನು ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಹೀಗಿರುವಾಗ ಒಂದು ದಿನ ಪೆಟ್ರೋಲಿನ ಮುಳ್ಳು ಅರ್ಧಕ್ಕೆ ಇಳಿದದ್ದು ಅವನ ಕಣ್ಣಿಗೆ ಬಿತ್ತು. ತುಂಬಿಸಿದ ಎರಡೇ ತಿಂಗಳಿಗೆ ಮತ್ತೆ ಇಳಿಯಿತು. ಕೆಲಸದ ದಿನಗಳಲ್ಲಿ ಕಾರಿನ ಕೀಲಿ ಇರುತ್ತಿದ್ದದ್ದು ಚಲಪತಿಯ ಕೈಯಲ್ಲಿ.

ಬೆಳಿಗ್ಗೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಜನ ಸಾಲು ನಿಂತಿದ್ದಾಗ ಕಾಂತರಾಜು ಚಲಪತಿಯ ಕೊರಳಪಟ್ಟಿಗೆ ಕೈ ಹಾಕಿದ. ‘ಕರೆಂಟಲ್ಲಿ ಓಡೋ ಕಾರಿಗೆ ಪೆಟ್ರೋಲ್ ಯಾಕ್ಲಾ ಇಳೀತದೆ? ನೀನೇನು ಕುಡ್ದ್ಯಾ?’ ಎಂದು ಕೇಳಿದ. ಯಾಕೆ ಇಳಿಯುತ್ತದೆಂಬುದು ಚಲಪತಿಗೂ ತಿಳಿಯದು.

ಆ ಊರಿನಲ್ಲಿ ಕಳವಿನ ಮಾತು ಬಂದರೆ ಡೈರಿಯ ಎದುರಿನ ಮುನೇಶ್ವರನ ಕಲ್ಲಿನ ಮುಂದೆ ಕರ್ಪೂರ ಆರಿಸಿ ಆಣೆ ಮಾಡುವ ಪದ್ಧತಿ. ಕದ್ದವನ ಆಣೆ ನಡೆಯುವುದಿಲ್ಲ, ಹೆತ್ತವಳೇ ಬರಬೇಕು. ಚಲಪತಿಯ ತಾಯಿ ದ್ಯಾವಮ್ಮ ಬಂದಳು. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಒತ್ತಿ ಆರಿಸಿ, ನನ್ನ ಮಗ ಕದ್ದಿಲ್ಲ ಎಂದಳು. ಕಾಂತರಾಜು ಅದನ್ನೂ ನಂಬದೆ ಚಲಪತಿಯನ್ನು ಕೆಲಸದಿಂದ ತೆಗೆದ. ಮುಂದಿನ ವಾರ ದ್ಯಾವಮ್ಮನ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಸುಳ್ಳಾಣೆ ಮಾಡಿದ್ದಕ್ಕೆ ಹೀಗಾಯಿತೆಂದು ಯಾರೋ ಒಬ್ಬರು ಅಂದರು, ಆಮೇಲೆ ಎಲ್ಲರೂ ಅಂದರು. ಆ ವರ್ಷ ಮುನೇಶ್ವರನಿಗೆ ತಂಬಿಟ್ಟಿನ ಆರತಿ ಹೊರಟಾಗ, ಅವಳ ಆರತಿ ಬೇಡವೆಂದು ಹೇಳಿಕಳಿಸಿದರು. ಮಾಡಿದ್ದ ತಂಬಿಟ್ಟನ್ನು ದ್ಯಾವಮ್ಮ ಕೊಟ್ಟಿಗೆಗೆ ಒಯ್ದು ಹಸುವಿಗೆ ಹಾಕಿದಳು. ಚಲಪತಿ ಅದನ್ನು ಬಾಗಿಲಲ್ಲಿ ನಿಂತು ನೋಡಿದ.

ಕಳ್ಳನೆಂಬ ಹೆಸರು ಹೊತ್ತ ಡ್ರೈವರನಿಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ಅವನು ಹೊಸಕೋಟೆಯ ಒಂದು ಗ್ಯಾರೇಜಿನಲ್ಲಿ ಕಾರು ತೊಳೆಯಲು ಸೇರಿದ. ತೊಳೆಯುತ್ತಲೇ ಬಾನೆಟ್ಟಿನೊಳಗೆ ಕೈಯಿಟ್ಟ. ಜೋರು ಕರೆಂಟು ಹರಿಯುವ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬಾರದೆಂದು ಕಲಿತ. ಎರಡನೆಯ ವರ್ಷ ಅದೇ ಕಂಪನಿಯ, ಅದೇ ಜಾತಿಯ ಕಾರೊಂದು ರಿಪೇರಿಗೆ ಬಂತು. ಊಟದ ಹೊತ್ತಿನಲ್ಲಿ ಅದರ ಕೈಪಿಡಿ ತೆರೆದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟ ಓದಿದ. ಕಾಂತರಾಜುವಿನ ಕಾರಿನಲ್ಲಿ ಅಂಥದೇ ಪುಸ್ತಕ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಬಿದ್ದಿತ್ತು. ನಾಲ್ಕು ದಿನಕ್ಕೆ ಒಂದು ಸಾಲು ಸಿಕ್ಕಿತು: ಆಕ್ಸಿಲರೇಟರನ್ನು ಕೊನೆಯ ತಡೆ ದಾಟುವಷ್ಟು ಒತ್ತಿದರೆ, ಬ್ಯಾಟರಿ ತುಂಬಿದ್ದರೂ ಎಂಜಿನ್ ಹೊತ್ತಿಕೊಂಡು ಮೋಟಾರಿಗೆ ಹೆಗಲು ಕೊಡುತ್ತದೆ.

ಚಲಪತಿಯ ರಜೆ ಇರುತ್ತಿದ್ದದ್ದು ಭಾನುವಾರ. ಭಾನುವಾರ ಕಾಂತರಾಜು ತಾನೇ ಕಾರು ತೆಗೆದು, ಹಾಡು ಜೋರಾಗಿ ಹಾಕಿಕೊಂಡು, ಏರ್‌ಪೋರ್ಟ್ ರಸ್ತೆಯಲ್ಲಿ ಗಾಳಿಯ ಹಾಗೆ ಹೋಗಿಬರುತ್ತಿದ್ದ.

ಆವತ್ತೇ ಓಡಿಹೋಗಿ ಹೇಳಬಹುದಿತ್ತು. ಚಲಪತಿ ಹೇಳಲಿಲ್ಲ. ಒಬ್ಬನೇ ಹೋಗಿ ಹೇಳಿದರೆ ಕಾಂತರಾಜು ಅವನ ಬೆನ್ನು ತಟ್ಟಿ ಮನೆಯೊಳಗೇ ಮಾತು ಮುಗಿಸುತ್ತಾನೆ. ಅದೇ ಕಲ್ಲಿರಬೇಕು, ಅದೇ ಜನವಿರಬೇಕು, ಕರ್ಪೂರವಿರಬೇಕು. ಇನ್ನೊಂದನ್ನೂ ಅವನು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದ. ಕಾಂತರಾಜುವಿಗೆ ರುಕ್ಮಿಣಮ್ಮನೆಂಬ ತಾಯಿ ಇದ್ದಳು. ಎಪ್ಪತ್ತೆಂಟು ವರ್ಷ, ಮಗ ಅವಳನ್ನು ಬಿಸಿಲಿಗೂ ಬಿಡುತ್ತಿರಲಿಲ್ಲ. ಆ ಮುದುಕಿ ಬೀದಿ ದಾಟಿ ಕಲ್ಲಿನ ಮುಂದೆ ನಡೆದುಬರುವುದನ್ನು ಚಲಪತಿ ಗ್ರೀಸಿನ ಕೈಯಲ್ಲಿ ಅನ್ನ ಉಣ್ಣುತ್ತ ಎಷ್ಟು ಸಲ ಕಂಡಿದ್ದನೋ.

ಎಂಟು ತಿಂಗಳು ಕಾದ. ಈ ನಡುವೆ ಬಂದ ಡ್ರೈವರುಗಳು ಪೆಟ್ರೋಲಿನ ಮಾತು ಎದ್ದೊಡನೆ, ಆಣೆಗೆ ನಿಲ್ಲದೆ, ಕೆಲಸ ಬಿಟ್ಟುಹೋಗಿದ್ದರು. ಕಡೆಗೆ ಕಾಂತರಾಜುವಿನ ಹೊಸ ಡ್ರೈವರ್ ಬೈರೇಶನ ಫೋನು ಬಂತು. ಪೆಟ್ರೋಲು ಮತ್ತೆ ಇಳಿದಿದೆ, ಶನಿವಾರ ಬೆಳಿಗ್ಗೆ ತನ್ನ ತಾಯಿಯನ್ನು ಕಲ್ಲಿನ ಹತ್ತಿರ ಕರೆಸುತ್ತಾರೆ ಎಂದು ಅವನು ಹೇಳಿದ.

ಶನಿವಾರ ಚಲಪತಿ ಮೊದಲ ಬಸ್ಸಿಗೇ ಹೊರಟು ಬಂದ. ಡೈರಿಯ ಮುಂದೆ ಜನ ಸೇರಿದ್ದರು. ಡೈರಿಯ ಕಾರ್ಯದರ್ಶಿ ಗೋಪಾಲಪ್ಪ ತಟ್ಟೆಯಲ್ಲಿ ಕರ್ಪೂರ ಹಿಡಿದು ನಿಂತಿದ್ದ. ಬೈರೇಶನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

‘ಏನ್ಲಾ, ಕಳ್ಳನ ಕಡೆಗೆ ಕಳ್ಳ ಸಾಕ್ಷಿ ಹೇಳಕ್ಕೆ ಬಂದ್ಯಾ?’ ಎಂದ ಕಾಂತರಾಜು. ಒಬ್ಬಿಬ್ಬರು ನಕ್ಕರು.

‘ಸಾಕ್ಷಿ ನಿಮ್ ಕಾರೇ ಹೇಳ್ತದೆ ಯಜಮಾನ್ರೇ. ನೀವೇ ಓಡ್ಸಿ.’

ಚಲಪತಿ ಗೋಪಾಲಪ್ಪನನ್ನು ಕರೆದು ಹಿಂದಿನ ಹೊಗೆಪೈಪು ಮುಟ್ಟಿಸಿದ. ತಣ್ಣಗಿತ್ತು. ಬ್ಯಾಟರಿ ಪೂರ್ತಿ ತುಂಬಿದ್ದನ್ನು ಪರದೆಯಲ್ಲಿ ತೋರಿಸಿದ. ಸ್ಟೇರಿಂಗ್ ಹಿಡಿದ ಕಾಂತರಾಜುವಿನ ಪಕ್ಕ ಗೋಪಾಲಪ್ಪ ಕೂತ, ಚಲಪತಿ ಹಿಂದೆ. ಮೊದಲ ಸುತ್ತು ನಿಧಾನವಾಗಿ ಶಾಲೆಯ ತನಕ ಹೋಗಿಬಂದರು. ಪೈಪು ತಣ್ಣಗೇ ಇತ್ತು. ಕಾಂತರಾಜು ಮೀಸೆಯಡಿ ನಕ್ಕ.

‘ಇದು ನಾವು ಓಡಿಸ್ತಿದ್ದಿದ್ದು. ಇನ್ನು ನೀವು ಭಾನುವಾರ ಓಡಿಸ್ತೀರಲ್ಲ, ಹಂಗೆ ಓಡ್ಸಿ. ವಯಸ್ಸಾಯ್ತು, ಕೈ ನಡುಗ್ತದೆ ಅಂದ್ರೆ ಬೇಡ ಬಿಡಿ’ ಎಂದ ಚಲಪತಿ.

ಹತ್ತು ಜನ ಕೇಳಿಸಿಕೊಂಡಿದ್ದರು. ಕಾಂತರಾಜು ಹಲ್ಲು ಕಚ್ಚಿ ಬೈಪಾಸಿಗೆ ತಿರುಗಿಸಿ, ಪೆಡಲನ್ನು ತಳ ಮುಟ್ಟುವಂತೆ ತುಳಿದ. ಕಾಲಡಿಯಲ್ಲಿ ಟಕ್ಕೆಂದಿತು. ಹಾಡು ಇಲ್ಲದ್ದರಿಂದ ಮುಂದುಗಡೆಯಿಂದ ಗುರುಗುಟ್ಟುವ ಸದ್ದು ಮೂವರಿಗೂ ಕೇಳಿಸಿತು; ಇಷ್ಟು ಹೊತ್ತು ಸೊನ್ನೆಯಲ್ಲಿ ಮಲಗಿದ್ದ ಎಂಜಿನ್ನಿನ ಮುಳ್ಳು ಎದ್ದು ನಿಂತಿತು. ಆರು ಕಿಲೋಮೀಟರು ಸುತ್ತಿ ಬಂದಾಗ ಬ್ಯಾಟರಿ ಇನ್ನೂ ಮುಕ್ಕಾಲಿನ ಮೇಲಿತ್ತು. ಗೋಪಾಲಪ್ಪ ಇಳಿದು ಪೈಪಿಗೆ ಬೆರಳು ತಾಗಿಸಿ ಸರಕ್ಕನೆ ಹಿಂದಕ್ಕೆಳೆದುಕೊಂಡ.

‘ಸುಡ್ತಾ ಅದೆ ಕಾಂತರಾಜು’ ಎಂದ, ಎಲ್ಲರಿಗೂ ಕೇಳುವಂತೆ.

ಚಲಪತಿ ಕಾಂತರಾಜುವಿನ ಫೋನನ್ನೇ ತೆಗೆಸಿ, ಕಾರಿನ ಆಪ್ ತೆರೆಸಿ, ಗೋಪಾಲಪ್ಪನ ಕೈಗೆ ಕೊಡಿಸಿದ. ಗೋಪಾಲಪ್ಪ ಕನ್ನಡಕ ಏರಿಸಿಕೊಂಡು ಓದತೊಡಗಿದ. ಸೋಮವಾರ, ಪೆಟ್ರೋಲು ಸೊನ್ನೆ. ಮಂಗಳವಾರ ಸೊನ್ನೆ. ಭಾನುವಾರ, ನಾಲ್ಕು ಲೀಟರು. ಹಿಂದಿನ ಭಾನುವಾರ, ಐದು. ಓದುತ್ತ ಹೋದಂತೆ ಕ್ಯಾನು ಹಿಡಿದವರು ಹತ್ತಿರ ಸರಿದರು.

ಕಾಂತರಾಜುವಿನ ದನಿ ಬದಲಾಯಿತು. ಆಗಿದ್ದು ಆಗಿಹೋಯಿತು, ನಾಳೆಯಿಂದ ಕೆಲಸಕ್ಕೆ ಬಾ, ಬೈರೇಶನಿಗಿಂತ ಮೇಲೆ ಇಟ್ಟುಕೊಳ್ಳುತ್ತೇನೆ ಎಂದ.

‘ಕೆಲಸ ಇರ್ಲಿ. ಪೆಟ್ರೋಲ್ ಖರ್ಚು ಮಾಡಿ ಇನ್ನೊಬ್ರ ತಲೆಗೆ ಕಟ್ಟಿದ್ದು ಯಾರು ಅಂತ ಗೊತ್ತಾಯ್ತಲ್ಲ. ನಿಮ್ ತಾಯಿನ ಕರೆಸಿ’ ಎಂದ ಚಲಪತಿ.

ಕಾಂತರಾಜು ಕೈಮುಗಿದ. ‘ಅವ್ವನ್ನ ಬಿಟ್ಬಿಡು ಚಲಪತಿ. ಅವಳಿಗೆ ಇದೆಲ್ಲ ತಡೆಯಾಕಾಗಲ್ಲ. ನಿನ್ ಕಾಲಿಗೆ ಬೀಳ್ತೀನಿ.’

‘ನಮ್ಮವ್ವಂಗೆ ತಡೀತಾ?’

ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಸುದ್ದಿ ಮುಟ್ಟಿ ದ್ಯಾವಮ್ಮ ಬಂದಿದ್ದಳು. ಅವಳು ಮಗನ ಕಡೆ ನೋಡಲೇ ಇಲ್ಲ. ಗೋಪಾಲಪ್ಪನ ಕೈಯಿಂದ ತಟ್ಟೆ ತೆಗೆದುಕೊಂಡು, ಕರ್ಪೂರವನ್ನು ಕಲ್ಲಿನ ಮುಂದಿಟ್ಟು ತಾನೇ ಕಡ್ಡಿ ಗೀರಿದಳು.

‘ಮುದುಕಿ ಕೈ ಯಾಕಪ್ಪ ಸುಡ್ಬೇಕು. ತುಳಿದೋನು ನೀನು. ನೀನೇ ಆರ್ಸು’ ಎಂದಳು.

ಚಲಪತಿ ಬೇಡವೆನ್ನಲು ಬಾಯಿ ತೆರೆದ. ಎಂಟು ತಿಂಗಳು ಕಾಪಾಡಿಕೊಂಡು ಬಂದದ್ದನ್ನು ತಾಯಿ ಅರ್ಧಕ್ಕೆ ಕಿತ್ತುಕೊಂಡಳು ಎನಿಸಿತು. ಆದರೆ ಅವಳ ಬೆನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಕಾಂತರಾಜು ಮಂಡಿಯೂರಿ ಅಂಗೈಯನ್ನು ಬೆಂಕಿಯ ಮೇಲೊತ್ತಿದ. ದ್ಯಾವಮ್ಮನ ಮಗ ಕದ್ದಿಲ್ಲ, ತಪ್ಪು ನನ್ನದು ಎಂದು ಗೊಣಗಿದ.

‘ನಂಗೆ ಕಿವಿ ಮಂದ. ಕೊನೇಲಿ ನಿಂತಿರೋರಿಗೂ ಮಂದವೇ ಇರ್ಬೇಕು’ ಎಂದಳು ದ್ಯಾವಮ್ಮ.

ಅವನು ಗಟ್ಟಿಯಾಗಿ ಹೇಳಿದ. ಮೂರು ಸಲ ಹೇಳಿಸಿಕೊಂಡ ಮೇಲೆ ಅವಳು ಸೆರಗು ಕೊಡವಿ ಮನೆಯ ಕಡೆ ನಡೆದಳು. ಡೈರಿಯ ಹೆಂಗಸರು ಇಬ್ಬರು ಅವಳ ಹಿಂದೆ ಹೋಗಿ ಏನೋ ಮಾತಾಡಿಸಿದರು, ಅವಳು ನಿಲ್ಲಲಿಲ್ಲ.

ಬೈರೇಶ ಕೀಲಿಯನ್ನು ಕಾರಿನ ಮೇಲಿಟ್ಟು ತಾಯಿಯ ಕೈಹಿಡಿದು ಹೊರಟ. ಸುಟ್ಟ ಕೈಯಲ್ಲಿ ಸ್ಟೇರಿಂಗ್ ಹಿಡಿಯಲಾಗದೆ ಕಾಂತರಾಜು ನಾಲ್ಕಾರು ಹುಡುಗರನ್ನು ಹೆಸರು ಹಿಡಿದು ಕರೆದ. ಒಬ್ಬನೂ ಬಾಗಿಲು ಮುಟ್ಟಲಿಲ್ಲ.

ಚಲಪತಿ ಮನೆಗೆ ಹೋಗಿ ಉಂಡ. ಇನ್ನು ಇಲ್ಲೇ ಇರಬಹುದಲ್ಲ ಎಂದು ದ್ಯಾವಮ್ಮ ಕೇಳಿದಳು. ಆ ಮುಖಗಳನ್ನು ದಿನಾ ನೋಡಿಕೊಂಡಿರಲು ತನ್ನಿಂದಾಗದು ಎಂದ. ಗೂಟದಲ್ಲಿದ್ದ ಎರಡು ಅಂಗಿಗಳನ್ನೂ ಜೊತೆಗೆ ತಂದಿದ್ದ ರಬ್ಬರ್ ಗ್ಲೌಸನ್ನೂ ಚೀಲಕ್ಕೆ ತುರುಕಿ, ಜಿಪ್ಪು ಎಳೆದು ಹೆಗಲಿಗೇರಿಸಿಕೊಂಡ. ಅರಿಶಿನಕುಂಟೆಯ ಹತ್ತಿರ ಹೆದ್ದಾರಿಯ ಪಕ್ಕ ಒಬ್ಬರು ಹೊಸ ಗ್ಯಾರೇಜು ತೆರೆಯುತ್ತಿದ್ದಾರೆ, ಅಲ್ಲಿ ಮೆಕ್ಯಾನಿಕ್ ಬೇಕಂತೆ ಎಂದು ಕೇಳಿದ್ದ. ವಿಜಯಪುರದಿಂದ ಬಸ್ಸು ಬರುವ ಹೊತ್ತಾಗಿತ್ತು. ಅವನು ಡೈರಿಯ ಮುಂದಿನ ದಾರಿಯನ್ನೇ ಹಿಡಿದು, ತಲೆಯೆತ್ತಿಕೊಂಡು ನಡೆದ.