ಮಣಿಕಟ್ಟು ಕೊಡುತ್ತಿದ್ದ ದೋನಾ ಒಲಿಂದಾ

ದೋನಾ ಒಲಿಂದಾ ಯಾರಿಗೂ ಅಂಗೈ ಕೊಟ್ಟವರಲ್ಲ. ಕೈಕುಲುಕಲು ಯಾರಾದರೂ ಮುಂದೆ ಬಂದರೆ ಮುಷ್ಟಿಯನ್ನು ಒಳಕ್ಕೆ ಮಡಿಚಿ, ಮಣಿಕಟ್ಟನ್ನು ಮುಂದೆ ಚಾಚುತ್ತಿದ್ದರು. ಪಾದ್ರಿಗಳಾದರೂ ಅಷ್ಟೇ, ಬ್ಯಾಂಕಿನ ಮ್ಯಾನೇಜರ್ ಆದರೂ ಅಷ್ಟೇ. ಅಮೆರಿಕದ ಬಂದರು ಪಟ್ಟಣ ನ್ಯೂ ಬೆಡ್‌ಫರ್ಡಿನ ಮೀನು ಕೊಯ್ಯುವವರಲ್ಲಿ ಇದು ರೂಢಿ: ಕೆಲಸದ ನಡುವೆ ಎದುರಾದವರಿಗೆ ಒದ್ದೆ ಕೈ ತಾಗಬಾರದೆಂದು ಮಣಿಕಟ್ಟು ಕೊಡುತ್ತಾರೆ. ಉಳಿದವರಿಗೆ ಅದು ಕೆಲಸದ ಹೊತ್ತಿನ ಮರ್ಯಾದೆ; ಇವರಿಗೆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೂ, ಮದುವೆಯ ಊಟದ ಮನೆಯಲ್ಲೂ ಅದೇ. ಅವರ ಮನೆಯ ಮೂರನೆಯ ಮಹಡಿಗೆ ನಾನು ಬಾಡಿಗೆಗೆ ಬಂದ ದಿನ ಬೀಗದ ಕೈಯನ್ನು ಕೂಡ ಮೇಜಿನ ಮೇಲಿಟ್ಟು, ಕಣ್ಣಲ್ಲೇ ತೋರಿಸಿ ಹೋಗಿದ್ದರು. ಎಷ್ಟು ಗರ್ವವಪ್ಪಾ ಈ ಹೆಂಗಸಿಗೆ, ಎಂದುಕೊಂಡೆ. ನನ್ನ ಮೊದಲ ಅಂದಾಜುಗಳು ಸಾಮಾನ್ಯವಾಗಿ ತಪ್ಪೇ ಆಗಿರುತ್ತವೆ.

ಗಿಡ್ಡ ದೇಹ, ಮೂವತ್ತನಾಲ್ಕು ವರ್ಷ ತಣ್ಣನೆಯ ಸಿಮೆಂಟಿನ ಮೇಲೆ ನಿಂತು ಎಡಗಾಲಿಗೆ ತುಸು ಹೆಚ್ಚು ಭಾರ ಬಿಡುವ ನಡಿಗೆ, ಮೊಣಕಾಲಿನವರೆಗೆ ಇಳಿದ ಕಂದು ಉಣ್ಣೆಯ ಕೋಟು. ಬೇಸಿಗೆಯ ಧಗೆಯಲ್ಲೂ ಬೀದಿಗಿಳಿದರೆ ಆ ಕೋಟು ಮೈಮೇಲಿರಲೇಬೇಕು, ಏಕೆಂದರೆ ಅದಕ್ಕೆ ಆಳವಾದ ಜೇಬುಗಳಿದ್ದವು. ಯಾವ ಮಾತನ್ನೇ ಆಗಲಿ "ಮುಗೀತು" ಎಂದು ಮುಚ್ಚುವುದು ಅವರ ಅಭ್ಯಾಸ. ಸಂಜೆ ನಾಲ್ಕಕ್ಕೆ ಕೆಲಸದಿಂದ ಬಂದು, ಅಡುಗೆಮನೆಯ ತೊಟ್ಟಿಯ ಮುಂದೆ ನಿಂತು, ಅರ್ಧ ನಿಂಬೆಹಣ್ಣು, ಹರಳುಪ್ಪು ಮತ್ತು ಊರಿನ ಜ್ವಾಲಾಮುಖಿ ಉಗುಳಿದ ತೂತುತೂತಿನ ಕರಿಕಲ್ಲು, ಈ ಮೂರರಿಂದ ಅರ್ಧ ಗಂಟೆ ಕೈ ತಿಕ್ಕುತ್ತಿದ್ದರು. ಕಲ್ಲು ಅವರ ಅಮ್ಮನದು. ಸಾಗರದಾಚೆಯ ಹುಟ್ಟೂರು ಫಯಾಲ್ ದ್ವೀಪದ ದಂಡೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದ ಆ ತಾಯಿ, ಮಗಳು ಅಮೆರಿಕಕ್ಕೆ ಹೊರಟಾಗ ಕೊಟ್ಟ ಸ್ತ್ರೀಧನವೆಂದರೆ ಅದೊಂದೇ.

ನಿಂಬೆಯ ಕಾರಣವನ್ನು ಅವರು ನನಗೆ ಹೇಳಿದ್ದು ಒಮ್ಮೆ ಮಾತ್ರ, ಅದೂ ಒಲೆಯ ಕಡೆಗೆ ಮುಖ ಮಾಡಿಕೊಂಡು. ಮಗಳು ಎರಡನೆಯ ತರಗತಿಯಲ್ಲಿದ್ದಾಗ ಇವರು ಶಾಲೆಗೆ ಹೋಗಿದ್ದರು. ಸಾಲಿನಲ್ಲಿ ಕೂತ ಮಕ್ಕಳು ಒಬ್ಬೊಬ್ಬರಾಗಿ ಮೂಗು ಹಿಡಿದರು. ಅವತ್ತು ರಾತ್ರಿ ಮಗಳು ಅಳುತ್ತ ಬೇಡಿಕೊಂಡಳಂತೆ: "ಇನ್ಮೇಲೆ ನೀನು ಬರ್ಬೇಡಮ್ಮ."

ಅವರ ಬಳಿ ಇದ್ದದ್ದು ಕಾಯಂ ನಿವಾಸಿಯ ಕಾರ್ಡು. ನನ್ನದೂ ಅದೇ ಜಾತಿ. ಹತ್ತು ವರ್ಷಕ್ಕೊಮ್ಮೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ನಾನು ನಾನೇ ಎಂದು ಸರ್ಕಾರಕ್ಕೆ ರುಜುವಾತುಪಡಿಸಬೇಕು. 'ಕಾಯಂ' ಎಂಬ ಪದದ ಕೆಳಗೇ ಅವಧಿ ಮುಗಿಯುವ ತಾರೀಕನ್ನು ಅಚ್ಚು ಹಾಕುವ ಧೈರ್ಯ ಸರ್ಕಾರಗಳಿಗೆ ಮಾತ್ರ ಇರುತ್ತದೆ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವನಾದ್ದರಿಂದ ಆ ಬೀದಿಯ ಅರ್ಧ ಅರ್ಜಿಗಳು ನನ್ನ ಪಾಲಿಗೇ ಬರುತ್ತಿದ್ದವು.

"ಪೌರತ್ವಾನೇ ತಗೊಂಡ್ಬಿಡಿ ದೋನಾ ಒಲಿಂದಾ, ಈ ರಗಳೆ ತಪ್ಪತ್ತೆ," ಎಂದೆ.

"ಅಲ್ಲಿ ಎಲ್ರೆದುರು ಬಲಗೈ ಎತ್ತಿ ಪ್ರಮಾಣ ಮಾಡ್ಬೇಕಂತಲ್ಲ ಮೇಷ್ಟ್ರೇ? ನಾನೊಲ್ಲೆ. ಮುಗೀತು."

ಆ ವರ್ಷ ಕಾರ್ಡಿನ ಅವಧಿ ಮುಗಿದದ್ದು ಮೇ ತಿಂಗಳಲ್ಲಿ. ಅದೇ ತಿಂಗಳು ಊರಿನಿಂದ ತಮ್ಮನ ಪತ್ರ ಬಂತು: ಸೆಪ್ಟೆಂಬರ್ ಹನ್ನೊಂದಕ್ಕೆ ಅಮ್ಮನ ಗುಂಡಿ ತೆಗೆಯುತ್ತಾರೆ. ಅಲ್ಲಿ ಸತ್ತವರಿಗೂ ನೆಲ ಶಾಶ್ವತವಲ್ಲ. ಕೆಲವು ವರ್ಷಗಳಾದ ಮೇಲೆ ಗುಂಡಿ ತೆರೆದು, ಅಸ್ಥಿಗಳನ್ನು ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಸಣ್ಣ ಪೆಟ್ಟಿಗೆಯಲ್ಲಿಟ್ಟು ಗೋಡೆಯ ಗೂಡು ಸೇರಿಸಿ, ಜಾಗವನ್ನು ಮುಂದಿನವರಿಗೆ ಬಿಟ್ಟುಕೊಡಬೇಕು. ಅವರ ಮನೆತನದಲ್ಲಿ ತೊಳೆಯುವ ಕೆಲಸ ಹಿರಿಮಗಳದು. ಅಮ್ಮ ತೀರಿಕೊಂಡ ವಾರ ಇಲ್ಲಿ ಹಿಮಬಿರುಗಾಳಿ ಎದ್ದು ಮೂರು ದಿನ ವಿಮಾನ ಹಾರಿರಲಿಲ್ಲ. ಅಲ್ಲಿ ಮರುದಿನವೇ ಮಣ್ಣು ಮಾಡಿದ್ದರು. "ಮುಖ ನೋಡ್ಲಿಲ್ಲ. ಮೂಳೆನಾದ್ರೂ ಮುಟ್ತೀನಿ," ಎಂದರು ದೋನಾ ಒಲಿಂದಾ. ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಅವಧಿ ಮುಗಿದ ಕಾರ್ಡು ಹಿಡಿದು ಹೋದರೆ ಮರಳಿ ಬರುವುದು ಕಷ್ಟ; ಮನೆ, ಮಗಳು, ಮೊಮ್ಮಗಳು, ಗಂಡನ ಸಮಾಧಿ ಎಲ್ಲವೂ ಇಲ್ಲಿ. ಬೆರಳಚ್ಚು ಕೊಟ್ಟ ದಿನವೇ ಹಳೆಯ ಕಾರ್ಡಿನ ಬೆನ್ನಿಗೆ ಒಂದು ವರ್ಷದ ಚೀಟಿ ಅಂಟಿಸಿ ಕೊಡುತ್ತಿದ್ದ ಕಾಲ ಅದು. ಆ ಚೀಟಿಯೊಂದು ಸಿಕ್ಕರೆ ಹೋಗಿ ಬರಬಹುದಿತ್ತು.

ಜುಲೈಯಲ್ಲಿ ಬೆರಳಚ್ಚಿಗೆ ಕರೆ ಬಂತು. ಹಿಂದಿನ ಸಂಜೆ ಕೆಳಗಿನಿಂದ ನಿಂಬೆಯ ಘಾಟು ಮೂರನೆಯ ಮಹಡಿಯವರೆಗೂ ಹತ್ತಿತು. ಒಂದಲ್ಲ, ಆರು ನಿಂಬೆಹಣ್ಣು. ಬೆಳಿಗ್ಗೆ ಎದ್ದು ಮತ್ತೆ ತಿಕ್ಕಾಟ. ಸರ್ಕಾರದವರು ಕೈ ಹಿಡಿದು ನೋಡುತ್ತಾರೆಂದರೆ ಸುಮ್ಮನೆಯೇ? ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿನ ಯಂತ್ರದ ಗಾಜಿನ ಮೇಲೆ ಬೆರಳಿಟ್ಟರೆ ಪರದೆಯಲ್ಲಿ ಗೆರೆಗಳು ಮೂಡಬೇಕು. ಹತ್ತು ಬೆರಳಿಗೂ ಬರಿಯ ಬಿಳುಪು ಮೂಡಿತು. ಅಚ್ಚು ತೆಗೆಯುವ ಹುಡುಗಿ ಗಾಜು ಒರೆಸಿದಳು, ಬೆರಳು ಒರೆಸಿದಳು, ಒತ್ತಿದಳು, ಕೊನೆಗೆ ಕೈಚೆಲ್ಲಿದಳು. "ಇನ್ನೊಂದ್ಸಲ ಕರೀತೀವಿ. ಅವತ್ತೂ ಬರ್ಲಿಲ್ಲ ಅಂದ್ರೆ ಪೊಲೀಸರಿಂದ ಪತ್ರ ತರ್ಬೇಕಾಗತ್ತೆ, ತಿಂಗಳುಗಟ್ಟಲೆ ಹಿಡಿಯತ್ತೆ," ಎಂದಳು. ಹಿಂದಿರುಗುವಾಗ ದೋನಾ ಒಲಿಂದಾ ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಅವುಗಳನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ನುಣುಪಾಗಿ, ಹೊಳೆಯುತ್ತ, ಚಾಕುವಿನ ಗಾಯದ ಗುರುತುಗಳ ಹೊರತು ಬೇರೇನೂ ಇಲ್ಲದ ಕೈಗಳು.

"ಇಷ್ಟು ವರ್ಷ ದುಡಿದಿದ್ದು ಇದೇ ಕೈ ಮೇಷ್ಟ್ರೇ. ಈಗ ಇದು ಯಾರ್ದೂ ಅಲ್ವಂತೆ," ಎಂದರು. ಆ ಸಲ 'ಮುಗೀತು' ಎನ್ನಲಿಲ್ಲ.

ಬೈಗುಳ ಬಂದದ್ದು ಮರುದಿನ, ಲೂರ್ದೆಸ್ ಬಾಯಿಂದ. ಕಾರ್ಖಾನೆಯಲ್ಲಿ ಇವರ ಪಕ್ಕದ ಹಲಗೆಯಲ್ಲೇ ಮೀನು ಕೊಯ್ಯುವ ಗೆಳತಿ ಆಕೆ. ನಾಲಿಗೆ ಚಾಕುವಿಗಿಂತ ಹರಿತ. ಜಗಲಿಯಲ್ಲಿ ಕೂತು, ಇವರ ಬೆರಳುಗಳನ್ನು ಎಳೆದು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ ಮನೆ ಕಾಯ! ಯಾರೇ ಹೇಳಿದ್ದು ನಿಂಗೆ ತಿಕ್ಕು ಅಂತ? ಮೀನು ಒಂದು ಪಾಲು ತಿಂದಿದ್ರೆ ನಿನ್ನ ಕಲ್ಲು ಮೂರು ಪಾಲು ತಿಂದಿದೆ. ನನ್ನ ಕೈ ನೋಡು, ಹೋದ ವರ್ಷ ಒಂದೇ ಏಟಿಗೆ ಬಂತು ಅಚ್ಚು."

"ನಿನ್ನ ಕೈ ನಾರತ್ತೆ."

"ನಾರೋರಿಗೇ ಕಾರ್ಡು ಕೊಡೋದು ಕಣೇ!"

ತೀರ್ಪು ಆಯಿತು. ಮುಂದಿನ ಕರೆ ಬರುವವರೆಗೆ ನಿಂಬೆಯಿಲ್ಲ, ಉಪ್ಪಿಲ್ಲ, ಕಲ್ಲಿಲ್ಲ, ಸೋಪೂ ಇಲ್ಲ. ಬರಿಯ ನೀರು, ಮಲಗುವಾಗ ಆಲಿವ್ ಎಣ್ಣೆ. ಕೆಲಸ ಬಿಡುವಂತಿರಲಿಲ್ಲ, ರಜೆಯೆಲ್ಲ ಸೆಪ್ಟೆಂಬರಿಗೆ ಎತ್ತಿಟ್ಟಿದ್ದರು. ಹಾಗಾಗಿ ಐದು ವಾರ ಅವರು ಮೀನಿನ ವಾಸನೆ ಹೊತ್ತೇ ಬದುಕಬೇಕಾಯಿತು. ಬಸ್ಸು ಬಿಟ್ಟು ನಡೆದರು. ಚರ್ಚಿನಲ್ಲಿ ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಸರಿದರು. ಮೊಮ್ಮಗಳ ಹುಟ್ಟುಹಬ್ಬಕ್ಕೆ ತಾವು ಹೋಗದೆ, ತಮ್ಮ ಕೈಯಲ್ಲೇ ಮಾಡಿದ್ದೆಂಬ ಅನುಮಾನ ಬರಬಾರದೆಂದು ಬೇಕರಿಯಿಂದ ತರಿಸಿದ ಸಿಹಿಬ್ರೆಡ್ಡನ್ನು ನನ್ನ ಕೈಯಲ್ಲಿ ಕಳಿಸಿದರು. ಆ ಮಗು ಬಾಗಿಲಲ್ಲಿ ನಿಂತು "ಅಜ್ಜಿ ಎಲ್ಲಿ?" ಎಂದು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಆಗಸ್ಟ್ ಕೊನೆಯ ವಾರ, ಸುಡುಬಿಸಿಲಿನಲ್ಲಿ, ಅದೇ ಕಚೇರಿ, ಅದೇ ಹುಡುಗಿ. ದೋನಾ ಒಲಿಂದಾ ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ.

"ವಾಸನೆ ಬರತ್ತೆ ಮಗಳೇ. ತೊಳೀಬೇಡ ಅಂದ್ರು. ಏನೂ ಅಂದ್ಕೋಬೇಡ."

ಹುಡುಗಿ ತಲೆಯೆತ್ತದೆ ಕೇಳಿದಳು: "ಯಾವ ಮೀನು?"

"ಹ್ಯಾಡಕ್."

"ನಮ್ಮಜ್ಜಿ ಸ್ಕ್ಯಾಲಪ್ ಚಿಪ್ಪು ಬಿಡಿಸ್ತಿದ್ಲು. ಅದ್ರ ಮುಂದೆ ಇದೇನಲ್ಲ ಬಿಡಿ. ಬೆರಳು ಸಡಿಲ ಬಿಡಿ, ನಾನೇ ಒತ್ತೀನಿ."

ಬಲಗೈ ಹೆಬ್ಬೆರಳು ಬಂತು. ತೋರುಬೆರಳು ಮೂರನೆಯ ಸಲಕ್ಕೆ ಬಂತು. ಎಡಗೈಯ ಎರಡು ಬೆರಳು ಏನು ಮಾಡಿದರೂ ಬರಲಿಲ್ಲ. ಉಳಿದ ಎಂಟು ಸಾಕು ಎಂದಳು ಆ ಪುಣ್ಯಾತ್ಗಿತ್ತಿ. ಪರದೆಯ ಮೇಲೆ ಮಸುಕಾಗಿ ಸುತ್ತಿಕೊಂಡ ಆ ಗೆರೆಗಳನ್ನು ದೋನಾ ಒಲಿಂದಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹಳೆಯ ಕಾರ್ಡಿನ ಬೆನ್ನಿಗೆ ಚೀಟಿ ಅಂಟಿತು.

ಸೆಪ್ಟೆಂಬರ್ ಕೊನೆಗೆ ಮರಳಿ ಬಂದರು, ನನಗೊಂದು ಚೀಸಿನ ಗಡ್ಡೆ ತಂದರು, ಅದನ್ನೂ ಮೇಜಿನ ಮೇಲೇ ಇಟ್ಟರು. ಗುಂಡಿ ತೋಡುವವನು ರಬ್ಬರಿನ ಕೈಗವಸು ಕೊಟ್ಟನಂತೆ, ಇವರು ಹಾಕಿಕೊಳ್ಳಲಿಲ್ಲವಂತೆ. "ಅಮ್ಮನ ತಲೆ ಇಷ್ಟೇ ಇಷ್ಟು ಮೇಷ್ಟ್ರೇ, ನನ್ನ ಎರಡು ಕೈಯಲ್ಲಿ ಹಿಡಿಸ್ತು. ಬರೀ ನೀರಲ್ಲೇ ತೊಳೆದೆ. ಕಲ್ಲನ್ನ ಅವಳ ಪೆಟ್ಟಿಗೇಲೇ ಇಟ್ಟು ಬಂದೆ. ಅವಳದ್ದೇ ತಾನೆ, ಮುಗೀತು," ಎಂದವರು, ಬಾಗಿಲು ದಾಟುವಾಗ ತಿರುಗಿ ನಿಂತು, "ಹತ್ತು ವರ್ಷಕ್ಕೆ ಮತ್ತೆ ಕರೀತಾರಲ್ಲ," ಎಂದು ನಕ್ಕರು. ಮರುದಿನ ಸಂಜೆ ನಾಲ್ಕಕ್ಕೆ ನಿಂಬೆಯ ವಾಸನೆ ಎಂದಿನಂತೆ ಮೇಲೆ ಬಂತು.

ದುಡಿದು ಬದುಕಿದವರಲ್ಲಿ ಇಂಥವರದೊಂದು ಪಂಗಡವಿದೆ. ನೀನು ಯಾರು ಎಂದು ಕೇಳುವ ಬಾಗಿಲಿಗೆ ಹೋಗುವ ಮುನ್ನ, ತಾವು ಯಾರೆಂಬುದನ್ನೇ ಚೆನ್ನಾಗಿ ತಿಕ್ಕಿ ತೆಗೆದು, ಶುಭ್ರವಾಗಿ ಹೋಗಿ ನಿಲ್ಲುತ್ತಾರೆ. ಅದನ್ನೇ ಮರ್ಯಾದೆ ಎಂದು ನಂಬಿರುತ್ತಾರೆ. ಗುರುತು ಸಿಗಲಿಲ್ಲ ಎಂದರೆ ತಪ್ಪು ತಮ್ಮದೇ ಎಂದು ತಲೆತಗ್ಗಿಸಿ ಹಿಂದಿರುಗುತ್ತಾರೆ. ಆ ಮರ್ಯಾದೆಯನ್ನು ಅವರು ಸರ್ಕಾರಕ್ಕಾಗಿ ಬಿಡುವವರಲ್ಲ, ಕಾರ್ಡಿಗಾಗಿಯೂ ಬಿಡುವವರಲ್ಲ. ದೋನಾ ಒಲಿಂದಾ ಐದು ವಾರ ಬಿಟ್ಟರು, ಮೀನು ನಾರುವ ಕೈಯಲ್ಲಿ ತಮ್ಮನ್ನು ಎತ್ತಿ ಬೆಳೆಸಿದವಳಿಗಾಗಿ.